ವಿಳಾಸದ ಕಾಲಂ

ಹೊಸನಗರದ ತಾಲ್ಲೂಕು ಕಚೇರಿ. ಮೂರನೇ ಕಿಟಕಿ.
ಕಾಡಿನೊಳಗೆ ನೀವು ಮೊದಲಿಂದ ಇದ್ದಿರಿ
ಅನ್ನುವುದಕ್ಕೆ ಏನಿದೆ ಅಂದರು ಗುಮಾಸ್ತರು.

ಅಂಟುವಾಳದ ಮರ ಇದೆ ಅನ್ನಲಿಲ್ಲ.
ಅಜ್ಜಿಯ ಒಲೆಗುಂಡು ಇನ್ನೂ ಕರ್ರಗಿದೆ ಅನ್ನಲಿಲ್ಲ.
ಹನ್ನೊಂದು ದಿನದಿಂದ ಹೊರಗೆ ಟಾರ್ಪಾಲಿನಡಿ
ಗಂಜಿ ಬೇಯಿಸಿಕೊಂಡು ಕೂತವರು
ಹೇಳಿಕೊಟ್ಟಿದ್ದರು: ಕಾಗದದ ಮಾತಷ್ಟೇ ಆಡು.

ಬಿಸ್ಕತ್ ಡಬ್ಬಿಯಿಂದ ತೆಗೆದಿಟ್ಟೆ
ಅಜ್ಜನ ಬಿಡುಗಡೆ ಚೀಟಿ.
ಮಡಿಕೆಯಲ್ಲಿ ಹರಿದು ನಾಲ್ಕಾಗಿ,
ಹಲಸಿನ ಮೇಣದಲ್ಲಿ ಮತ್ತೆ ಒಂದಾದದ್ದು.

ನಲವತ್ತಮೂರನೇ ಇಸವಿ.
ದಂಡಿಗೆ ಜನ ಹುಡುಕಿ ಬಂದವರು
ಕೆರೆ ಏರಿಯ ಮೇಲೆ ನಿಂತು
ಬಿದಿರು ಕಡಿಯಲು ಬರುವವರು ಯಾರು ಅಂದರಂತೆ.
ಅಷ್ಟೇ. ಯುದ್ಧ ಅನ್ನಲಿಲ್ಲ.
ಐದು ಜನ ಕೈ ಎತ್ತಿದರು.
ಒಡೆಯರ ಕೊಟ್ಟಿಗೆಯಲ್ಲಿ ಆರು ವರ್ಷದ ಜೀತ ಬಾಕಿ ಇದ್ದ ಅಜ್ಜ
ಎರಡೂ ಕೈ ಎತ್ತಿದನಂತೆ.

ಬರ್ಮಾದ ಕಾಡೂ ನಮ್ಮ ಕಾಡಿನ ಹಾಗೇ ಅಂತಿದ್ದ.
ಉಂಬಳ ಅಲ್ಲೂ ಉಂಬಳವೇ.
ಬಿದಿರು ಮಾತ್ರ ಬೇರೆ ಜಾತಿ, ಗೆಣ್ಣು ದೂರ ದೂರ,
ಕಡಿದರೆ ಒಳಗೆ ಒಂದು ಗುಟುಕು ನೀರು.
ಮೊಳೆ ಇಲ್ಲದೆ, ದೀಪ ಇಲ್ಲದೆ,
ಬೆತ್ತ ಸುತ್ತಿ ಹೊಳೆಗೆ ಸಂಕ ಕಟ್ಟಿದರು.
ಹೇಸರಗತ್ತೆ ದಾಟಿದವು. ಡೋಲಿಯಲ್ಲಿ ಗಾಯಾಳುಗಳು ದಾಟಿದರು.
ಬಿಳಿ ಸಾಹೇಬನೊಬ್ಬ ದಾಟಿ, ಕಾಲಿಂದ ಒದ್ದು ನೋಡಿ,
ಎಲ್ಲಿ ಕಲಿತೆ ಅಂದನಂತೆ.
ಅಜ್ಜನಿಗೆ ಯಾರೋ ಅದನ್ನು ಬಿಡಿಸಿ ಹೇಳುವಷ್ಟರಲ್ಲಿ
ಸಾಹೇಬ ಮುಂದೆ ಹೋಗಿದ್ದ.
ಉತ್ತರ ಇವನಲ್ಲೇ ಉಳಿಯಿತು.
ಸಾಯುವ ವರ್ಷದವರೆಗೂ ನಮ್ಮನ್ನು ಕೂರಿಸಿಕೊಂಡು
ಆ ಸಾಹೇಬನಿಗೆ ಹೇಳುತ್ತಿದ್ದ:
ಕೆಸುವಿನ ಹಳ್ಳದಲ್ಲಿ, ಸ್ವಾಮೀ. ಕೆಸುವಿನ ಹಳ್ಳದಲ್ಲಿ.

ಐವರಲ್ಲಿ ತಿರುಗಿ ಬಂದವರು ಇಬ್ಬರು.
ಚೂಡನ ಮನೆಗೆ ಬಂದದ್ದು ತಂತಿ.

ಇಲ್ಲಿ ಕೇಳಿ ಸಾರ್, ಇದನ್ನೇ ಹೇಳಬೇಕಿತ್ತು ನಾನು.
ಆಷಾಢ. ಕಾಲುಸಂಕ ಕೊಚ್ಚಿಹೋಗಿತ್ತು.
ಅಂಚೆಯವನು ಕಂಬಳಿಕೊಪ್ಪೆ ಹೊದ್ದು
ಸೊಂಟದುದ್ದ ನೀರಿನಲ್ಲಿ ಬಂದ.
ಒಂಬತ್ತು ಗುಡಿಸಲಲ್ಲಿ ಸರಿಯಾದ ಗುಡಿಸಲಿನ ಮುಂದೆ ನಿಂತು
ಸರಿಯಾದ ಹೆಸರು ಕೂಗಿದ.
ಸಾವಿಗೆ ಆಗ ನಮ್ಮ ವಿಳಾಸ ಗೊತ್ತಿತ್ತು.
ಈಗ ನಿಮ್ಮ ನಕ್ಷೆಯಲ್ಲಿ ಅದೇ ಜಾಗ
ಬರಿ ಹಸಿರು.

ಗುಮಾಸ್ತರು ಚೀಟಿ ತಿರುಗಿಸಿದರು.
ಇದರಲ್ಲಿ ದುರ್ಗಯ್ಯ ಅಂತಿದೆ,
ಅರ್ಜಿಯಲ್ಲಿ ದುಗ್ಗ. ಇಬ್ಬರಾ?

ಒಬ್ಬನೇ ಸಾರ್.
ದಂಡಿನವರು ಅಯ್ಯ ಸೇರಿಸಿದರು,
ಊರಿಗೆ ಬಂದಮೇಲೆ ಊರವರು ತೆಗೆದರು.
ಪೇಟೆಯ ಚಹದಂಗಡಿಯಲ್ಲಿ ಚಿಪ್ಪು ತೋರಿಸಿದರು,
ಬೂಟು ಕೈಯಲ್ಲಿ ಹಿಡಿದು ಅಗ್ರಹಾರ ದಾಟಿಸಿದರು.
ಬಾಕಿ ಆರು ವರ್ಷ ಕೇಳಲು ಒಡೆಯರ ಆಳು ಬಂದಾಗ ಮಾತ್ರ
ಅಜ್ಜ ಬೂಟು ಹಾಕಿಕೊಂಡು ಹೊರಗೆ ಬಂದ,
ಸೆಲ್ಯೂಟ್ ಹೊಡೆದ,
ಅಬೌಟ್ ಟರ್ನ್ ಮಾಡಿ ಒಳಗೆ ಹೋದ.
ನಮ್ಮ ಹಾಡಿಯ ಮೊದಲ ಚಳವಳಿ ಅದು.
ನೋಡಿದವರು ಮೂರು ಜನ, ಒಂದು ನಾಯಿ.

ಆಮೇಲೆ ಅರ್ಜಿಗಳು. ಹದಿನಾಲ್ಕೋ ಹದಿನೈದೋ.
ಅವನಿಗೆ ಬರುತ್ತಿದ್ದ ಅಕ್ಷರ ಒಂದೇ,
ದಂಡಿನಲ್ಲಿ ಕಲಿತ ಇಂಗ್ಲಿಷಿನ ಡಿ.
ಹೊಟ್ಟೆ ಮುಂದೆ ಬಂದ ಆ ಅಕ್ಷರವನ್ನು
ಎಲ್ಲ ಅರ್ಜಿಯ ಕೆಳಗೂ ಇಟ್ಟ,
ಹೊಟ್ಟೆ ಬೆನ್ನಿಗಂಟಿದ ವರ್ಷವೂ.

ಗುಮಾಸ್ತರು ಕನ್ನಡಕ ಏರಿಸಿ ನಿಧಾನಕ್ಕೆ ಓದಿದರು,
ವಿಳಾಸದ ಕಾಲಂ:
ಕೆಸುವಿನ ಹಾಡಿ, ಕಾಡಿನ ಒಳಗೆ.
ಒಳಗೆ ಅನ್ನುವಲ್ಲಿ ಬೆರಳು ಸ್ವಲ್ಪ ಹೊತ್ತು ನಿಂತಿತು.
ಎರಡು ಜೆರಾಕ್ಸ್ ತನ್ನಿ, ಅಂದರು. ಸೋಮವಾರ.

ನನ್ನ ಹಿಂದೆ ಸಾಲಿನಲ್ಲಿ ಚೂಡನ ಮೊಮ್ಮಗಳು ಹೂವಿ.
ಅವಳ ಕೈಯಲ್ಲಿ ಡಬ್ಬಿಯಿಲ್ಲ, ಚೀಟಿಯಿಲ್ಲ.
ತಂತಿ ಎಲ್ಲಿ ಎಂದು ಕೇಳಿದೆ.
ಹೆಣ ಬರಲಿಲ್ಲವಲ್ಲ ಅಕ್ಕಾ,
ಆ ಕಾಗದವನ್ನೇ ಮಣ್ಣು ಮಾಡಿದರು,
ನೇರಳೆ ಮರದ ಬುಡದಲ್ಲಿ, ಕಲ್ಲು ಇಟ್ಟಿದೆ.
ಸರ್ವೆಯವರು ಬಂದರೆ
ಜಾಗ ತೋರಿಸುತ್ತೇನೆ.